ಐದು ಮನೆ ಬೇಡಿದ ಹೆಸರು

ಕೋಪರಖೈರಣೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮಾರುವ ತಾರಾಬಾಯಿಯ ಹೆಸರು ತಾರಾಬಾಯಿ ಅಲ್ಲ. ಆಧಾರ್ ಕಾರ್ಡಿನಲ್ಲಿ ತಿರಕವ್ವ ಎಂದಿದೆ. ಸಿಂದಗಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ವಾರದಲ್ಲೇ ಗಂಡ ಬಾಳಪ್ಪ ಆ ಹೆಸರನ್ನು ಒಳಗಿಟ್ಟು ಇದನ್ನು ಹೊರಗೆ ತೂಗುಹಾಕಿದ. ಅವನು ವಾಶಿ ಮಾರ್ಕೆಟ್ಟಿನ ಧಾನ್ಯದ ದಲ್ಲಾಳಿ. ಯಾವ ಚೀಲದ ಬಾಯಿಯಲ್ಲಿ ಯಾವ ಕಾಳು ಕಾಣಬೇಕು ಎಂಬುದು ಗೊತ್ತಿದ್ದವನು. ತಿರಿಯುವುದು ಎಂದರೆ ಬೇಡುವುದು. ತಿರಕವ್ವ ಎಂದರೆ ಬೇಡಿ ಬದುಕುವವಳು. ತಿನ್ನುವ ಪದಾರ್ಥ ಮಾರುವ ಅಂಗಡಿಯ ಬೋರ್ಡಿಗೆ ಅದು ಒಗ್ಗುವುದಿಲ್ಲ.

ಮಗ ಸ್ವಪ್ನಿಲ್ ಶಾಲೆಯ ಫಾರ್ಮು ತುಂಬುವಾಗ ಒಮ್ಮೆ ಅರ್ಥ ಕೇಳಿದ್ದ. ಅದು ನಮ್ಮೂರ ದೇವಿಯ ಹೆಸರು ಎಂದು ಹೇಳಿ ಅವಳು ಅಷ್ಟಕ್ಕೇ ಮುಗಿಸಿದ್ದಳು. ಆಮೇಲೆ ಅವನು ಮರಾಠಿ ಹುಡುಗಿ ಸ್ನೇಹಲಳನ್ನು ಮದುವೆಯಾದ. ಬೀಗರ ಮನೆಯವರು ಮೂರು ತಲೆಮಾರಿನಿಂದ ನೌಕರಿಯಲ್ಲಿದ್ದವರು. ಅವರಿಗಂತೂ ಈ ಅರ್ಥ ಗೊತ್ತಾಗಲೇಬಾರದು ಎಂದು ತಿರಕವ್ವ ಅಂದೇ ತೀರ್ಮಾನಿಸಿಬಿಟ್ಟಿದ್ದಳು.

ಆದರೆ ಆ ಹೆಸರನ್ನು ಅವಳು ಕೀಳೆಂದು ಭಾವಿಸಿದವಳಲ್ಲ. ಅವಳಿಗಿಂತ ಮುಂಚೆ ತಾಯಿಗೆ ಐದು ಮಕ್ಕಳಾಗಿದ್ದವು. ಒಂದೂ ತಿಂಗಳು ದಾಟಲಿಲ್ಲ. ಆರನೆಯದಾಗಿ ಇವಳು ಹುಟ್ಟಿದಾಗ ಅಜ್ಜಿ ಬರಿಗಾಲಲ್ಲಿ ಹೋಗಿ, ತನ್ನವರಲ್ಲದ ಐದು ಮನೆಗಳ ಮುಂದೆ ಸೆರಗೊಡ್ಡಿ ಕಾಳು ಬೇಡಿ ತಂದು, ಗಂಜಿ ಕಾಯಿಸಿ ಬಾಣಂತಿಗೆ ಕುಡಿಸಿ, ಕೂಸಿಗೆ ತಿರಕವ್ವ ಎಂದು ಹೆಸರಿಟ್ಟಳು. ಇದು ಈ ಮನೆಯ ಕೂಸಲ್ಲ, ಭಿಕ್ಷೆಯಲ್ಲಿ ಬಂದದ್ದು ಎಂದು ಮೇಲಿನವನಿಗೆ ಅನ್ನಿಸಬೇಕಂತೆ. ಯಮನೂ ಒಂದು ಬಗೆಯ ಗಿರಾಕಿಯೇ. ಚೆನ್ನಾಗಿ ಜೋಡಿಸಿಟ್ಟ ಮಾಲಿಗೆ ಮೊದಲು ಕೈ ಹಾಕುತ್ತಾನೆ. ಮೂಲೆಯಲ್ಲಿ ಹರಕು ಚೀಲ ಕಂಡರೆ ಮುಂದಿನ ಅಂಗಡಿಗೆ ನಡೆಯುತ್ತಾನೆ. ಐವತ್ಮೂರು ವರ್ಷವಾಯಿತು, ತಿರಕವ್ವನಿಗೆ ಒಂದು ಹಲ್ಲು ಸಹ ಬಿದ್ದಿಲ್ಲ.

ಈಗ ಮೊಮ್ಮಗಳು ಎರಡು ತಿಂಗಳು ಮೊದಲೇ ಹುಟ್ಟಿ, ಮಾಜಿವಾಡಾದ ಆಸ್ಪತ್ರೆಯೊಂದರ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಳು. ತೂಕ ಒಂದು ಕಿಲೋ ಇನ್ನೂರು. ಹನ್ನೊಂದು ದಿನವಾದರೂ ಡಾಕ್ಟರು ಹೇಳುತ್ತಿದ್ದದ್ದು ಕಾಯೋಣ ಎಂಬ ಒಂದೇ ಮಾತು. ಸ್ನೇಹಲ್ ಹೊರಗಿನ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಹೆಸರು ಹುಡುಕುತ್ತಿದ್ದಳು. ಪ್ರತಿ ಹೆಸರಿಗೂ ಅರ್ಥ, ಮೂಲ, ಎಷ್ಟು ಮಂದಿ ಇಟ್ಟುಕೊಂಡಿದ್ದಾರೆ ಎಂಬ ಲೆಕ್ಕ. ಅಪರೂಪದ್ದೇ ಬೇಕು ಎಂದು ಅವಳ ಹಟ. ಬೆಳಿಗ್ಗೆ ಮೆಚ್ಚಿದ್ದನ್ನು ಸಂಜೆ ತೆಗೆದುಹಾಕುತ್ತಿದ್ದಳು. ಹೆಸರು ಹುಡುಕುತ್ತಿರುವವರೆಗೆ ಇಡಲು ಕೂಸು ಇರುತ್ತದೆ ಎಂಬ ಧೈರ್ಯ ಅದು. ತಿರಕವ್ವನಿಗೆ ಇದು ತಿಳಿಯುತ್ತಿತ್ತು. ಅವಳ ನಾಲಿಗೆಯ ತುದಿಗೆ ಒಂದು ಹೆಸರು ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತು. ಮಗಳನ್ನು ಭಿಕಾರಿ ಎಂದು ಕರೆಯಿರಿ ಎಂದು ಯಾವ ಬಾಯಿಂದ ಹೇಳುವುದು?

ಹನ್ನೆರಡನೆಯ ದಿನ ಹೇಳದೆಯೇ ಹೊರಟಳು. ಬೇಡಿ ತಂದು ಗಂಜಿ ಕುಡಿಸುವುದಾದರೂ ಆಗಲಿ, ಹೆಸರಿನದು ಆಮೇಲೆ ನೋಡೋಣ ಎಂದುಕೊಂಡಳು. ಕೋಪರಖೈರಣೆಯಲ್ಲಿ ನಾಯಿಗೂ ಅವಳ ಗುರುತಿದೆ. ಮಗನ ಫ್ಲ್ಯಾಟಿರುವ ಡೊಂಬಿವಲಿಯಲ್ಲೇ, ಎರಡು ರಸ್ತೆ ಆಚೆಯ ಹೊಸ ಟವರನ್ನು ಆರಿಸಿದಳು. ಹಳೇ ಸೀರೆ, ಬರಿಗಾಲು. ವಾಚ್‌ಮನ್ ಕೆಲಸದವಳೆಂದು ತಿಳಿದು ಒಳಗೆ ಬಿಟ್ಟ; ಕೆಲಸದವರ ಲಿಫ್ಟು ಆ ಕಡೆ ಎಂದು ದಾರಿಯನ್ನೂ ತೋರಿಸಿದ.

ಮೊದಲ ಬಾಗಿಲಿನವರು ಕಬ್ಬಿಣದ ಜಾಲರಿಯ ಹಿಂದಿನಿಂದಲೇ ಮಾಫ್ ಕರೋ, ಮುಂದೆ ಹೋಗು ಎಂದರು. ಅದು ಲೆಕ್ಕಕ್ಕಿಲ್ಲ. ಎರಡನೆಯ ಬಾಗಿಲಿನ ಹುಡುಗಿ ಓಟ್ಸಿನ ಪ್ಯಾಕೆಟ್ಟು ಕೊಟ್ಟಳು. ತಿರಕವ್ವ ಅಭ್ಯಾಸಬಲದಿಂದ ತಿರುಗಿಸಿ ತಾರೀಖು ನೋಡಿದಳು, ಮರುದಿನಕ್ಕೆ ಮುಗಿಯುತ್ತಿತ್ತು. ಭಿಕ್ಷೆಗೆ ತಾರೀಖು ನೋಡುವ ಭಿಕಾರಿಯನ್ನು ಆ ಹುಡುಗಿ ಅದೇ ಮೊದಲು ಕಂಡಿರಬೇಕು. ಮೇಲಿನ ಮಹಡಿಯ ಗುಜರಾತಿ ಮುದುಕರು ಗೋಧಿ ಹಾಕಿ, ಗಟ್ಟಿಮುಟ್ಟಾಗಿದ್ದೀಯಲ್ಲ, ಅಡಿಗೆಗೆ ಬರುತ್ತೀಯಾ, ಎಂಟು ಸಾವಿರ ಎಂದರು. ಹತ್ತು ಎಂದು ಇವಳ ಬಾಯಿಂದ ತಾನಾಗಿ ಬಂತು. ಅವರು ಒಂಬತ್ತಕ್ಕೆ ಬರುವಷ್ಟರಲ್ಲಿ ತಾನು ಬಂದ ಕೆಲಸ ನೆನಪಾಗಿ ಮೆಟ್ಟಿಲು ಹತ್ತಿದಳು. ಒಬ್ಬ ತಮಿಳು ಹೆಂಗಸು ಏನೂ ಕೇಳದೆ ಅಕ್ಕಿ ಹಾಕಿದಳು. ಮತ್ತೊಂದು ಮನೆಯಲ್ಲಿ ಹೆಸರುಬೇಳೆ ಸಿಕ್ಕಿತು. ಉಳಿದದ್ದು ಒಂದು.

ಆ ಬಾಗಿಲು ತೆರೆದವಳು ಶರ್ಮಿಳಾ. ಕಲಬುರಗಿ ಮೂಲದ ಈಕೆ ಪ್ರತಿ ಶನಿವಾರ ಫೋನಿನಲ್ಲಿ ಐವತ್ತು ರೊಟ್ಟಿ ತರಿಸುವವಳು, ಹಬ್ಬಕ್ಕೆ ಮುಂಚೆ ತಾನೇ ಅಂಗಡಿಗೆ ಬಂದು ಚಟ್ನಿಯ ರುಚಿ ನೋಡುವವಳು. ಅವಳ ಮನೆ ಎಲ್ಲಿದೆ ಎಂದು ಪಾರ್ಸೆಲ್ಲಿನವನಿಗೆ ಗೊತ್ತಿತ್ತೇ ಹೊರತು ತಿರಕವ್ವನಿಗೆ ಗೊತ್ತಿರಲಿಲ್ಲ.

ತಿರುಗಿ ಓಡಬಹುದಿತ್ತು. ಆದರೆ ಒಡ್ಡಿದ ಸೆರಗನ್ನು ತಾನಾಗಿ ಮಡಚಿದರೆ ಅಲ್ಲಿಯವರೆಗೆ ಬೇಡಿದ್ದೆಲ್ಲ ವ್ಯರ್ಥ. ಮತ್ತೆ ಮೊದಲ ಮನೆಯಿಂದ ಶುರು. ಯಾಕೆ ಎಂದು ಹೇಳುವಂತೆಯೂ ಇಲ್ಲ. ಅವಳು ಕಣ್ಣು ಕೆಳಗೆ ಹಾಕಿ ಸೆರಗು ಹಿಡಿದು ನಿಂತಳು.

"ತಾರಾಬಾಯಿ, ಇದೇನ್ರೀ ಅವತಾರ?" ಎಂದಳು ಶರ್ಮಿಳಾ.

"ಜ್ವಾಳ ಇದ್ರ ಒಂದ ಹಿಡಿ ಹಾಕ್ರಿ ಅಕ್ಕಾರ. ಏನೂ ಕೇಳಬ್ಯಾಡ್ರಿ."

ಶರ್ಮಿಳಾ ಕೇಳಲಿಲ್ಲ. ಜೋಳ ಹಾಕಿ, ಅತ್ತು, ಬಾಗಿಲು ಮುಚ್ಚಿ, ಫೋನು ಎತ್ತಿಕೊಂಡಳು. ರೊಟ್ಟಿ ಅಂಗಡಿಯ ಬಿಲ್ಲಿನ ಮೇಲೆ ಸ್ವಪ್ನಿಲ್‌ನ ನಂಬರಿತ್ತು.

ತಿರಕವ್ವ ಗಂಜಿ ಕಾಯಿಸಿ ಡಬ್ಬಿಗೆ ತುಂಬಿ ನಾಲ್ಕು ಗಂಟೆಗೆ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಗ ವಾಗ್ಳೆ ಎಸ್ಟೇಟಿನ ಆಫೀಸು ಬಿಟ್ಟು ಬಂದು ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ. ಕನ್ನಡ ಅರ್ಥವಾಗುತ್ತದೆ, ಆದರೆ ಸಿಟ್ಟು ಬಂದರೆ ಅವನ ಬಾಯಿಂದ ಬರುವುದು ಮರಾಠಿಯೇ. ಮನೆಯಲ್ಲಿ ಏನು ಕಡಿಮೆಯಾಗಿದೆ, ಅಪ್ಪನ ಧಂದೆ ಮುಳುಗಿದೆಯಾ, ಆ ಹೆಂಗಸು ಅಳುತ್ತ ಫೋನು ಮಾಡಿ ಸಹಾಯ ಬೇಕಾ ಎಂದು ಕೇಳಿದಳು, ಎಂದೆಲ್ಲ ಕೂಗಾಡಿದ. ಬೆಂಚಿನ ಮೇಲೆ ಸ್ನೇಹಲ್ ಕೂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿತ್ತು.

ಇನ್ನು ಮುಚ್ಚಿಟ್ಟು ಲಾಭವಿಲ್ಲ ಎಂದಾಗ ಒಳ್ಳೆಯ ವ್ಯಾಪಾರಿ ಮಾಲು ಪೂರ್ತಿ ಬಿಚ್ಚಿ ತೋರಿಸುತ್ತಾನೆ. ತಿರಕವ್ವ ಸೊಸೆಯ ಪಕ್ಕದಲ್ಲಿ ಕೂತು ತನ್ನ ಮುರುಕು ಮರಾಠಿಯಲ್ಲಿ ಹೇಳಿದಳು: ತಾಯಿಯ ಐದು ಮಕ್ಕಳು, ಅಜ್ಜಿಯ ಸೆರಗು, ಗಂಜಿ, ತನ್ನ ಹೆಸರು, ಅದರ ಅರ್ಥ. ಊರಲ್ಲಿ ಆ ಹೆಸರಿನವರು ಮೂವರೇ ಇದ್ದರು, ಒಬ್ಬಳು ತೀರಿಕೊಂಡಳು, ಇನ್ನೊಬ್ಬಳು ಇಲ್ಲೇ ಪಕ್ಕದ ಕಲ್ಯಾಣಕ್ಕೆ ಬಂದು ತ್ರಿಶಲಾ ಆಗಿದ್ದಾಳೆ ಎಂಬುದನ್ನೂ ಬಿಡಲಿಲ್ಲ.

"ಹೆಸರು ಇಡರಿ ಅನ್ನಾಕ ಬಾಯಿ ಬರ್ಲಿಲ್ಲವ್ವಾ," ಎಂದು ಕೊನೆಗೆ ಕನ್ನಡದಲ್ಲೇ ಹೇಳಿದಳು. "ಗಂಜಿಯರೆ ಕುಡಿ."

ಸ್ವಪ್ನಿಲ್ ತಲೆ ಹಿಡಿದುಕೊಂಡ. ನನ್ನ ಮಗಳನ್ನು ಭಿಕಾರಿ ಎನ್ನಬೇಕಾ, ಇವಳ ಮನೆಯವರಿಗೆ ಏನು ಹೇಳಲಿ ಎಂದ.

ಸ್ನೇಹಲ್ ಅವನನ್ನೇ ಕೇಳಿದಳು. "ನಮ್ಮ ಲಗ್ನಪತ್ರಿಕೆಯ ಮೇಲೆ ನನ್ನ ಆಜೋಬಾನ ಹೆಸರಿತ್ತಲ್ಲ, ಏನಂತ?"

"ಭಿಕಾಜಿ."

"ಅದಕ್ಕೆ ಅರ್ಥ ಏನು?"

ಅವಳೇ ಹೇಳಿದಳು. ಅವಳ ಅಜ್ಜನಿಗಿಂತ ಮುಂಚೆ ಹುಟ್ಟಿದ ಮಕ್ಕಳೂ ಉಳಿದಿರಲಿಲ್ಲ. ಅವನನ್ನೂ ಭಿಕ್ಷೆಯ ಕೂಸು ಎಂದೇ ಕರೆದರು. ಭಿಕಾಜಿಯಾಗಿಯೇ ಓದಿ, ಭಿಕಾಜಿಯಾಗಿಯೇ ರೈಲ್ವೆಯಲ್ಲಿ ಸಾಹೇಬನಾಗಿ, ಎಂಬತ್ತೇಳು ವರ್ಷ ಬದುಕಿದ. ಆ ಹೆಸರಿಗೆ ಅವರ ಮನೆಯಲ್ಲಿ ಯಾರೂ ನಾಚಿದ್ದಿಲ್ಲ. ಬಾಗಿಲ ಮೇಲೆ ಹಿತ್ತಾಳೆಯಲ್ಲಿ ಬರೆಸಿದ್ದಾರೆ.

ತಿರಕವ್ವ ಆ ಪತ್ರಿಕೆಯನ್ನು ಇನ್ನೂರು ಮನೆಗಳಿಗೆ ಸ್ವತಃ ಹಂಚಿದ್ದಳು. ಮರಾಠಿ ಹೆಸರು ಎಂದು ಮರ್ಯಾದೆಯಿಂದ ಓದಿದ್ದಳೇ ಹೊರತು ಅರ್ಥದ ಕಡೆ ಗಮನ ಹೋಗಿರಲಿಲ್ಲ. ಬೀಗರ ಮುಂದೆ ನಾಲ್ಕು ವರ್ಷ ಮುಚ್ಚಿಟ್ಟ ಮಾಲು ಅವರ ಅಂಗಡಿಯಲ್ಲೇ ಎದುರಿಗೆ ತೂಗುತ್ತಿತ್ತು. ಅವಳಿಗೆ ನಗು ಬಂತು, ಜೊತೆಗೆ ಕಣ್ಣೂ ಒದ್ದೆಯಾಯಿತು.

ಸ್ನೇಹಲ್ ಡಬ್ಬಿ ತೆಗೆದು ಗಂಜಿ ಕುಡಿದಳು. ಓಟ್ಸು, ಗೋಧಿ, ಅಕ್ಕಿ, ಬೇಳೆ, ಜೋಳ ಎಲ್ಲ ಕೂಡಿ ಅಂಟಂಟಾಗಿತ್ತು. ಉಪ್ಪು ಕಡಿಮೆ ಎಂದಳು. ಬೇಡಿದ್ದರಲ್ಲಿ ಉಪ್ಪಿರಲಿಲ್ಲ ಎಂದಳು ಅತ್ತೆ. ಆಮೇಲೆ ಇಬ್ಬರೂ ಗಾಜಿನ ಮುಂದೆ ನಿಂತರು. "ಹೆಸರು ನೀವೇ ಕರೀರಿ, ಆಯಿ," ಎಂದಳು ಸ್ನೇಹಲ್. ತಿರಕವ್ವ ಗಾಜಿಗೆ ಬಾಯಿ ಹತ್ತಿರ ತಂದು, ಅಂದಿನವರೆಗೆ ಎಷ್ಟೋ ವರ್ಷ ಯಾರೆದುರೂ ಬಾಯಿಬಿಟ್ಟು ಹೇಳದ ತನ್ನ ಹೆಸರನ್ನು ಮೂರು ಸಲ ಕರೆದಳು. ನರ್ಸು ಬಂದು ಗಾಜು ಮುಟ್ಟಬೇಡಿ ಎಂದು ಬೈದಳು.

ಮರುವಾರ ಕೂಸಿನ ತೂಕ ಏರತೊಡಗಿತು. ಡಾಕ್ಟರು ತಮ್ಮ ಔಷಧ ಹಿಡಿಯಿತು ಎಂದರು. ತಿರಕವ್ವ ಹೌದೆಂದು ತಲೆಯಾಡಿಸಿದಳು; ಲಾಭ ಬಂದಾಗ ಪಾಲುದಾರನ ಜೊತೆ ಜಗಳವಾಡುವವಳಲ್ಲ. ಮೂವತ್ತನಾಲ್ಕನೆಯ ದಿನ ಕೂಸು ಡೊಂಬಿವಲಿಯ ಮನೆಗೆ ಬಂತು. ಲಿಫ್ಟಿನಿಂದಲೇ ಚೀರುತ್ತ ಬಂತು. ಅಷ್ಟು ಗಟ್ಟಿ ದನಿ ಕೇಳಿ ತಿರಕವ್ವ ಬಾಗಿಲಲ್ಲೇ ಕೂತುಬಿಟ್ಟಳು. ಜನನಪತ್ರದಲ್ಲಿ ಓವಿ ಎಂದು ಬರೆಸಿದರು. ತೊಟ್ಟಿಲಲ್ಲಿ, ವರ್ಷ ತುಂಬುವವರೆಗೆ, ತಿರಕವ್ವ.

ಹೆಸರಿಡುವ ದಿನ ಸೊಸಾಯಿಟಿಯ ಹೆಂಗಸರು ಬಂದರು. ತೊಟ್ಟಿಲ ಹೆಸರಿನ ಅರ್ಥವೇನು ಎಂದು ಕೇಳಿದವರಿಗೆ ಸ್ನೇಹಲ್ ಮುಖ ಸಹ ತಿರುಗಿಸದೆ ಭಿಕಾರಿ ಎಂದಳು. ಅವರು, ಎಷ್ಟು ಬೇರೆ ಥರ ಇದೆ, ಯಾರಲ್ಲೂ ಕೇಳಿಲ್ಲ ಎಂದು ಹೊಗಳಿದರು. ಎದುರು ಫ್ಲ್ಯಾಟಿನ ಐಶ್ವರ್ಯಾಗೆ ಏಳು ತಿಂಗಳಾಗಿತ್ತು. ಬಿಜಾಪುರದ ಕಡೆಯ ಹುಡುಗಿ. ಅವಳು ತಿರಕವ್ವನ ಬಳಿ ಸರಿದು, ಹೆಣ್ಣಾದರೆ ನಾನೂ ಇದನ್ನೇ ಇಡಲಾ ಎಂದು ಮೆಲ್ಲಗೆ ಕೇಳಿದಳು.

ತಿರಕವ್ವ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. "ಪುಕ್ಕಟೆ ಸಿಗೂ ಹೆಸರಲ್ಲವ್ವಾ ಇದು. ನಿಮ್ಮತ್ತಿ ಐದ ಮನಿ ಬೇಡಬೇಕು. ಚಪ್ಪಲಿ ಹಾಕೂಹಂಗಿಲ್ಲ, ಲಿಫ್ಟ್ ಹತ್ತೂಹಂಗಿಲ್ಲ."

ಲಿಫ್ಟಿನ ನಿಯಮವನ್ನು ಅವಳು ಆ ಗಳಿಗೆಯಲ್ಲಿ ಸೇರಿಸಿದ್ದಳು.