ಅಮ್ಮನ ಮಧ್ಯಾಹ್ನದ ನಿದ್ದೆಯೂ ಆಂಟಾಲಜಿಯೂ

ನಮ್ಮ ಮನೆಗೆ ಬುದ್ಧಿ ಇದೆ ಎಂದು ಹೇಳಿಕೊಳ್ಳುವಾಗ ನನ್ನ ಕತ್ತು ತುಸು ಉದ್ದವಾಗುತ್ತದೆ. ಜಂಬವೆಂದರೆ ಜಂಬವೇ. ಆ ಬುದ್ಧಿ ಕಲಿಸಿದವಳು ನಾನು.

ಚಿತ್ರದುರ್ಗದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು ದಿನಾ ಹಿರಿಯೂರಿನಿಂದ ಬಸ್ಸಿನಲ್ಲಿ ಓಡಾಡುತ್ತೇನೆ. ಹಗಲು ಮನೆಯಲ್ಲಿ ಅಮ್ಮ ಒಬ್ಬಳೇ. ಅವಳು ಬಿದ್ದರೆ ನನಗೆ ತಿಳಿಯಲಿ ಎಂದು ಗೋಡೆಗಳಿಗೆ ಬೆಂಕಿಪೊಟ್ಟಣದಷ್ಟು ಪುಟ್ಟ ಸೆನ್ಸರುಗಳನ್ನು ಹಾಕಿಸಿದೆ. ಮೊದಲ ಮಧ್ಯಾಹ್ನವೇ ಫೋನಿಗೆ ಸುದ್ದಿ ಬಂತು: ಅಮ್ಮ ನೆಲಕ್ಕೆ ಬಿದ್ದಿದ್ದಾರೆ. ಪಾಠ ನಿಲ್ಲಿಸಿ ಪಕ್ಕದ ಮನೆಯ ಫಾತಿಮಕ್ಕನಿಗೆ ಫೋನು ಮಾಡಿದೆ. ಅವರು ಓಡಿಹೋಗಿ ನೋಡಿದರೆ, ಅಮ್ಮ ಉಂಡು, ನಡುಮನೆಯ ತಣ್ಣನೆ ನೆಲದ ಮೇಲೆ ಸೆರಗು ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದಳು. ಮರುದಿನವೂ ಅದೇ ಕತೆ.

"ಉಂಡು ಮಗ್ಗಲಾಗಂಗೂ ಇಲ್ಲೇನೇ? ಇನ್ನೊಂದ್ಸಲ ಎಬ್ಬಿಸಿದ್ರೆ ಆ ಡಬ್ಬಿ ಕಿತ್ತು ಬಚ್ಚಲಿಗೆ ಹಾಕ್ತೀನಿ ನೋಡು," ಎಂದಳು ಅಮ್ಮ. ಬಾಗೂರಿನ ಹೆಣ್ಣು, ಹೇಳಿದ್ದನ್ನು ಮಾಡುವವಳೇ.

ಯಂತ್ರದ್ದೂ ತಪ್ಪಲ್ಲ. ಮಂಚದ ಮೇಲಷ್ಟೇ ಮಲಗುವ ಜನ ಅದನ್ನು ಮಾಡಿದ್ದರು. ನೆಲದ ಮೇಲಿರುವವರೆಲ್ಲ ಬಿದ್ದವರೇ ಎಂದು ಅದು ತಿಳಿದಿತ್ತು. ಇದಕ್ಕೆ ನಮ್ಮ ವಿದ್ಯೆಯಲ್ಲಿ ಆಂಟಾಲಜಿ ಎಂಬ ಮದ್ದಿದೆ. ಹೆಸರೇನೋ ತತ್ವಜ್ಞಾನಿಗಳಿಂದ ಎರವಲು ತಂದದ್ದು, ಬಲು ಭಾರಿ. ಕೆಲಸ ಇಷ್ಟೇ: ಲೋಕದಲ್ಲಿ ಏನೇನಿದೆ, ಯಾವುದು ಯಾವುದಕ್ಕೆ ಏನಾಗಬೇಕು ಎಂದು ಯಂತ್ರಕ್ಕೆ ತಿಳಿಸಿಕೊಡುವುದು. ಬಸ್ಸಿನಲ್ಲಿ ಪಕ್ಕ ಕೂತವರು "ಯಾವೂರ್ರಿ? ಯಾರ ಪೈಕಿ?" ಎಂದು ಶುರುಮಾಡಿ, ಐಮಂಗಲ ಬರುವಷ್ಟರಲ್ಲಿ ನನ್ನನ್ನು ತಮ್ಮ ಸೋದರತ್ತೆಯ ಕಡೆಯವಳನ್ನಾಗಿ ಮಾಡಿಬಿಡುತ್ತಾರಲ್ಲ, ಹೆಚ್ಚುಕಡಿಮೆ ಅದೇ.

ಕೂತು ಕಲಿಸಿದೆ. ನಡುಮನೆ ಉಂಡವರು ಮಲಗುವ ಜಾಗ. ಅಡುಗೆಮನೆಯಲ್ಲಿ ಯಾರೂ ಮಲಗುವುದಿಲ್ಲ. ಮಲಗುವವರು ಮೊದಲು ಕೂರುತ್ತಾರೆ, ಬೀಳುವವರು ಕೂರುವುದಿಲ್ಲ. ಮಧ್ಯಾಹ್ನ ಅಮ್ಮ ನಡುಮನೆಯ ನೆಲದ ಮೇಲಿದ್ದರೆ ಎಲ್ಲ ಕ್ಷೇಮ, ಇಲ್ಲದಿದ್ದರೆ ಎಂದಿನಂತಿಲ್ಲ. ಫೋನು ಬಾಯಿ ಮುಚ್ಚಿಕೊಂಡಿತು.

ಈ ಬೇಸಿಗೆಯಲ್ಲಿ ಒಂದು ದಿನ ಅದು ಮತ್ತೆ ಬಡಿದುಕೊಂಡಿತು: ಅಮ್ಮ ಅಡುಗೆಮನೆಯಲ್ಲಿ ಬಿದ್ದಿದ್ದಾರೆ. ಫಾತಿಮಕ್ಕನಿಗೆ ಫೋನು ಮಾಡುತ್ತಲೇ ಬಸ್ಸಿಗೆ ಓಡಿದೆ. ಫಾತಿಮಕ್ಕ ಹೋದಾಗ ಅಮ್ಮ ಚೆಲ್ಲಿದ ಮಜ್ಜಿಗೆಯಲ್ಲಿ ಜಾರಿ, ಕಾಲು ಮುರಿದುಕೊಂಡು, ಏಳಲಾಗದೆ ನರಳುತ್ತಿದ್ದಳು. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದಳು.

ಆಮೇಲೆ ನೋಡಲು ಬಂದವರಿಗೆಲ್ಲ ಅಮ್ಮ ಕಾಲು ತೋರಿಸುವ ಮೊದಲು ಗೋಡೆ ತೋರಿಸುತ್ತಿದ್ದಳು. "ನಮ್ಮ ಮನೇನೇ ಹೇಳಿ ಕಳಿಸೈತೆ ಕಣ್ರಿ. ನನ್ ಮಗಳು ಕಲಿಸಿದ್ದು." ಪದವಿ ಬಂದಾಗಲೂ ನಾನು ಅಷ್ಟು ಬೀಗಿರಲಿಲ್ಲ.

ಪಟ್ಟಿ ಬಿಚ್ಚುವ ತನಕ ಮಂಚವೇ ಗತಿ ಎಂದರು ಡಾಕ್ಟರು. ಅಮ್ಮ ಮಂಚ ಹತ್ತಿದ ಮಧ್ಯಾಹ್ನವೇ ಮನೆ ಸುದ್ದಿ ಕಳಿಸಿತು: ಅಮ್ಮ ಎಂದಿನಂತಿಲ್ಲ. ತಿದ್ದಲು ಹೊರಟವಳು ಸುಮ್ಮನಾದೆ. ಅದು ನಿಜವನ್ನೇ ಹೇಳುತ್ತಿತ್ತಲ್ಲ. ದಿನಾ ಮಧ್ಯಾಹ್ನ ಹಾಗೇ ಹೇಳುತ್ತ ಬಂತು. ಪಟ್ಟಿ ಬಿಚ್ಚಿಸಿಕೊಂಡು ಬಂದ ಮೇಲೆ, ನಿನ್ನೆ ಮಾತ್ರ ಹೇಳಲಿಲ್ಲ. ಫಾತಿಮಕ್ಕನನ್ನು ಕೇಳುವ ಅಗತ್ಯವೂ ಬೀಳಲಿಲ್ಲ. ಅಮ್ಮ ಉಂಡು, ಮಂಚ ಬಿಟ್ಟು ನಡುಮನೆಯ ನೆಲಕ್ಕೆ ಇಳಿದಿದ್ದಳು.