ಪುದೀನಾ ವಾಸನೆಯ ಊದುಬತ್ತಿ

ನಸೀಮಾ ಅಕ್ಕನನ್ನು ನಾನು ಮೊದಲು ಕಂಡಾಗ ಅವರ ಬೆರಳು ನನ್ನ ಮಗಳ ಬಾಯೊಳಗಿತ್ತು.

ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಒಂದು ಚಿಕ್ಕ ಪಾರ್ಕು. ಶಿವಾನಿಗೆ ಆಗ ಒಂದೂವರೆ ವರ್ಷ. ಮಗು ಮರಳು ಮುಟ್ಟಿತೆಂದು ನಾನು ಬ್ಯಾಗಿನಲ್ಲಿ ಸ್ಯಾನಿಟೈಸರ್ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳು ಆ ಮರಳಿನಿಂದಲೇ ಏನನ್ನೋ ಎತ್ತಿ ಬಾಯಿಗೆ ಹಾಕಿಕೊಂಡಿದ್ದಳು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಹೆಂಗಸು ಯಾವಾಗ ಎದ್ದು ಬಂದರೋ ನನಗೆ ತಿಳಿಯಲಿಲ್ಲ. ನಾನು ತಿರುಗಿ ನೋಡುವಾಗ ಅವರ ಕೈಯಲ್ಲಿ ಲಿಪ್‌ಸ್ಟಿಕ್ಕಿನಷ್ಟು ಉದ್ದದ ಗುಲಾಬಿ ಬಣ್ಣದ ಪ್ಲಾಸ್ಟಿಕ್ ವಸ್ತುವಿತ್ತು.

"ಏನಾಗಿಲ್ಲ ಕಣಮ್ಮಾ, ನುಂಗಿಲ್ಲ. ಇ-ಸಿಗರೇಟು ಇದು, ಯಾರೋ ಸೇದಿ ಬಿಸಾಕಿದ್ದಾರೆ. ಮೊದಲು ಬಾಯಿ ತೊಳೆಸು, ಅಳೋದು ಆಮೇಲೆ."

ಅಳುತ್ತಿದ್ದವಳು ಮಗುವಲ್ಲ, ನಾನು. ಆ ಸಂಜೆ ವಿಷದ ಬಗ್ಗೆ ಸಲಹೆ ಕೊಡುವ ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದೆ. ಮೂರನೆಯ ಸಲ ಅವರೇ "ದೀಪಾಲಿ ತಾನೇ?" ಎಂದು ಕೇಳಿದರು. ನನ್ನ ಗಂಡ ಗುರುಕಿರಣ ಇಂದಿಗೂ ಅದನ್ನು ಹೇಳಿಕೊಂಡು ನಗುತ್ತಾನೆ. ನಗಲಿ. ಮಗುವಿನ ವಿಷಯದಲ್ಲಿ ನಾನು ಹೆದರುವವಳೇ.

ಆದರೆ ನಾನು ಬರೆಯಹೊರಟಿರುವುದು ನನ್ನ ಹೆದರಿಕೆಯ ಬಗ್ಗೆ ಅಲ್ಲ, ಹೆದರದ ನಸೀಮಾ ಅಕ್ಕನ ಬಗ್ಗೆ.

ಅವರು ಮೈಸೂರಿನವರು, ನಮ್ಮ ಕಟ್ಟಡದಲ್ಲೇ ಕೆಳಗಿನ ಮಹಡಿಯಲ್ಲಿ ಇರುವವರು. ತಾಯಿ ಮನೆಯಲ್ಲೇ ಕೂತು ಕಂಪನಿಗೆ ಊದುಬತ್ತಿ ಹೊಸೆದು ಕೊಡುತ್ತಿದ್ದರು. ಮರದ ಮಣೆಯ ಮೇಲೆ ಮಸಾಲೆ ಉಂಡೆ, ಪಕ್ಕದಲ್ಲಿ ಬಿದಿರುಕಡ್ಡಿಯ ಕಟ್ಟು. ಶಾಲೆಯಿಂದ ಬಂದ ಮೇಲೆ ನಸೀಮಾ ಅಕ್ಕನೂ ಹೊಸೆಯಲು ಕೂರುತ್ತಿದ್ದರಂತೆ. ಅಲ್ಲೇ ಬಿ.ಕಾಂ. ಮಾಡಿದರು. ಮದುವೆಯಾಗಿ ವಜೀರ್ ಭಾಯಿಯ ಜೊತೆ ಇಲ್ಲಿಗೆ ಬಂದರು. ಭಾಯಿ ಪಾಲೋ ಆಲ್ಟೋದ ಒಂದು ಕಂಪನಿಗೆ ಉದ್ಯೋಗಿಗಳನ್ನು ಕರೆದೊಯ್ಯುವ ಬಸ್ಸು ಓಡಿಸುತ್ತಾರೆ. ಅಕ್ಕ ಹನ್ನೆರಡು ವರ್ಷ ಇಂಡಿಯನ್ ಗ್ರೋಸರಿಯ ಕೌಂಟರಿನಲ್ಲಿ ನಿಂತರು. ಮಗಳು ಮರಿಯಮ್ ಹೈಸ್ಕೂಲು ಸೇರಿದ ಮೇಲೆ, ನಲವತ್ತಾರನೆಯ ವಯಸ್ಸಿನಲ್ಲಿ, ಸಂಜೆ ಕ್ಲಾಸಿಗೆ ಹೋಗಿ ಕಂಪ್ಯೂಟರ್ ಕೆಲಸ ಕಲಿತರು. ಹಾಗೆ ಸಿಕ್ಕಿದ್ದು ಓಕ್ಲ್ಯಾಂಡಿನ ಆಫೀಸು. ಆರು ತಿಂಗಳ ಕಾಂಟ್ರಾಕ್ಟು. ಕೆಲಸ ಮೆಚ್ಚಿಕೊಂಡರೆ ಕಾಯಂ.

ಆನ್‌ಲೈನ್ ಅಂಗಡಿಯಲ್ಲಿ ನಾವು ಕಾರ್ಡಿನ ನಂಬರು ಹಾಕಿದಾಗ, ನಡುವೆ ನಿಂತು ಆ ಹಣವನ್ನು ಅಂಗಡಿಗೆ ಮುಟ್ಟಿಸುವ ಸಣ್ಣ ಕಂಪನಿ ಅದು. ಹೊಸದಾಗಿ ಬರುವ ಅಂಗಡಿ ನಿಜವಾಗಿ ಏನು ಮಾರುತ್ತದೆ ಎಂದು ನೋಡಿ ಒಪ್ಪಿಗೆ ಕೊಡುವುದು ಅಕ್ಕನ ಕೆಲಸ. ಬಂದೂಕು, ಜೂಜು, ಇ-ಸಿಗರೇಟು ಮಾರುವವರಿಗೆ ಅಲ್ಲಿ ಬಾಗಿಲಿಲ್ಲ. ಇ-ಸಿಗರೇಟಿಗೆ ಏಕೆ ಇಷ್ಟು ಕಟ್ಟುನಿಟ್ಟು ಎಂದು ನಾನು ಒಮ್ಮೆ ಕೇಳಿದ್ದೆ.

"ಬೀದಿ ಅಂಗಡಿಯವನಿಗೆ ಎದುರಿಗೆ ನಿಂತಿರೋ ಮುಖ ಕಾಣುತ್ತೆ, ಮೀಸೆ ಬಂದಿದೆಯೋ ಇಲ್ವೋ ನೋಡ್ತಾನೆ. ನಮಗೆ ಕಾಣೋದು ಹದಿನಾರು ನಂಬರು. ಅಪ್ಪ ಹಾಕಿದ್ರೂ ಅದೇ ನಂಬರು, ಅಪ್ಪನ ಜೇಬಿಂದ ಎತ್ಕೊಂಡು ಮಗಳು ಹಾಕಿದ್ರೂ ಅದೇ ನಂಬರು. ಬಾಗಿಲು ಕಾಯೋಕೆ ಯಾರಾದ್ರೂ ಬೇಕಲ್ಲಮ್ಮ."

ಕಳೆದ ವರ್ಷ ಗೌರಿ ಹಬ್ಬಕ್ಕೆ ಇನ್ನೊಂದು ವಾರವಿತ್ತು. ಒಳ್ಳೆಯ ಗಂಧದ ಊದುಬತ್ತಿ ಬೇಕು, ಗ್ರೋಸರಿಯಲ್ಲಿ ಸಿಗುವುದಕ್ಕೆ ಶಿವಾನಿ ಕೆಮ್ಮುತ್ತಾಳೆ ಎಂದು ಅಕ್ಕನ ಹತ್ತಿರ ಗೊಣಗಿದೆ. ಅವರ ಮುಖ ಅರಳಿತು.

"ಸ್ಯಾಂಡಲ್ ಲೇನ್ ಅಂತ ಆನ್‌ಲೈನ್ ಅಂಗಡಿ ಇದೆ, ತಗೋ. ಏಪ್ರಿಲ್‌ನಲ್ಲಿ ನಾನೇ ಪಾಸು ಮಾಡಿದ್ದು. ಒಬ್ಬ ಹೆಂಗಸು ಮಣೆ ಮೇಲೆ ಕಡ್ಡಿ ಹೊಸೀತಿರೋ ಫೋಟೋ ಹಾಕಿದ್ದಾರೆ. ಥೇಟ್ ನಮ್ಮಮ್ಮ."

ಮರುದಿನ ಶಿವಾನಿಯನ್ನು ಡೇಕೇರಿಗೆ ಬಿಟ್ಟು ಬಂದು ಆರ್ಡರ್ ಮಾಡಲು ಕೂತೆ. ಗಂಧ ಮುಗಿದಿದೆ, ಮಲ್ಲಿಗೆ ಮುಗಿದಿದೆ, ಸಂಪಿಗೆಯೂ ಮುಗಿದಿದೆ. ಇದ್ದದ್ದು ಮ್ಯಾಂಗೋ ಐಸು, ಪುದೀನಾ, ಕಲ್ಲಂಗಡಿ. ನಾನು ಏನನ್ನು ಕೊಳ್ಳುವಾಗಲೂ ಸಣ್ಣ ಅಕ್ಷರವನ್ನೆಲ್ಲ ಎರಡು ಸಲ ಓದುವವಳು. ಓದಿದಷ್ಟೂ ತಲೆ ಕೆಟ್ಟಿತು. ಭಾನುವಾರ ಅವರ ಮನೆಗೇ ಹೋಗಿ ಅಕ್ಕನ ಮುಂದೆ ಫೋನು ಹಿಡಿದೆ.

"ಇದೆಂಥಾ ಅಂಗಡಿ ತೋರಿಸಿದ್ರಿ ಅಕ್ಕಾರ? ಒಂದ ಒಂದು ಊದುಬತ್ತಿಗೆ ಇಪ್ಪತ್ತೆರಡು ಡಾಲರ್ ಅಂತ!"

"ನಿನ್ನ ಧಾರವಾಡದ ಜಿಪುಣತನ ಶುರುವಾಯ್ತು ನೋಡು," ಎಂದು ಅಕ್ಕ ನಕ್ಕರು.

"ಜಿಪುಣತನ ಅಲ್ರಿ. ಪುದೀನಾ ವಾಸನಿ ಊದುಬತ್ತಿ ಯಾವ ದೇವರ ಮುಂದ ಹಚ್ಚೂದು? ಮತ್ತ ಇಲ್ಲಿ ನೋಡ್ರಿ, ಒಂದು ಕಡ್ಡಿ ಆರು ಸಾವಿರ ಸಲ ಬರತದಂತ. ಚಾರ್ಜರ್ ಬ್ಯಾರೆ ತಗೋಬೇಕಂತ."

ಸೋಫಾದಲ್ಲಿದ್ದ ವಜೀರ್ ಭಾಯಿ, "ಊದುಬತ್ತಿಗೂ ಚಾರ್ಜರ್ ಬಂತಾ! ಇನ್ನು ಸಾಂಬ್ರಾಣಿಗೆ ಬ್ಲೂಟೂತ್ ಬಿಟ್ರೆ ಆಯ್ತು," ಎಂದರು.

ಅಕ್ಕ ನಗಲಿಲ್ಲ. ನನ್ನ ಕೈಯಿಂದ ಫೋನು ತೆಗೆದುಕೊಂಡು ಆ ಪುಟವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ನಾನು ತರಿಸಿ ನೋಡಿರಲಿಲ್ಲ," ಎಂದರು.

ಅವರ ಆಫೀಸಿನಲ್ಲಿ ಒಂದು ನಿಯಮವಿದೆ. ಇಂಥ ಸುಗಂಧದ ಸಾಮಾನಿನ ಅಂಗಡಿಗೆ ಒಪ್ಪಿಗೆ ಕೊಡುವ ಮೊದಲು ಗಿರಾಕಿಯಂತೆ ಒಂದು ಸಾಮಾನು ತರಿಸಿ, ಬಿಚ್ಚಿ ನೋಡಬೇಕು. ಎಷ್ಟೋ ಅಂಗಡಿಗಳ ಪೆಟ್ಟಿಗೆಗಳನ್ನು ತರಿಸಿ ಬಿಚ್ಚಿದ್ದ ನಸೀಮಾ ಅಕ್ಕ ಇದೊಂದನ್ನು ಬಿಟ್ಟಿದ್ದರು. ಊದುಬತ್ತಿಯಲ್ಲಿ ತನಗೆ ಗೊತ್ತಿಲ್ಲದ್ದು ಏನಿದೆ ಎಂಬ ಧೈರ್ಯ. ಮಣೆಯ ಮುಂದೆ ಕೂತ ಆ ಹೆಂಗಸಿನ ಫೋಟೋ ನೋಡಿಯೇ ಪಾಸು ಮಾಡಿದ್ದರು. ಬೇರೆ ಯಾರಾಗಿದ್ದರೂ ಈ ತಪ್ಪು ಮಾಡುತ್ತಿರಲಿಲ್ಲ, ಏಕೆಂದರೆ ಬೇರೆ ಯಾರಿಗೂ ಆ ಫೋಟೋದಲ್ಲಿ ಅಮ್ಮ ಕಾಣುತ್ತಿರಲಿಲ್ಲ.

ಅಲ್ಲೇ, ನಮ್ಮೆದುರಿಗೇ, ಒಂದು ಪುದೀನಾ ಆರ್ಡರ್ ಮಾಡಿದರು. ಕಾರ್ಡಿನ ನಂಬರು ಕೇಳಿತು, ವಿಳಾಸ ಕೇಳಿತು. ವಯಸ್ಸು ಕೇಳಲಿಲ್ಲ.

ಮಂಗಳವಾರ ಪಾರ್ಸೆಲ್ ಬಂತು. ಬಾಗಿಲು ತೆರೆದವಳು ಹದಿನಾರು ವರ್ಷದ ಮರಿಯಮ್. ಡೆಲಿವರಿಯವನು ಪೊಟ್ಟಣವನ್ನು ಅವಳ ಕೈಗಿಟ್ಟು, ಒಳ್ಳೆಯ ದಿನವಾಗಲಿ ಎಂದು ಹಾರೈಸಿ ಹೋದ. ಅಕ್ಕ ಆಫೀಸಿನಿಂದ ಬರುವ ಹೊತ್ತಿಗೆ ನಾನೂ ಅಲ್ಲಿದ್ದೆ. ಸುಳ್ಳೇಕೆ, ತಡೆಯಲಾರದೆ ಹೋಗಿ ಕಾದಿದ್ದೆ. ಅಕ್ಕ ಕತ್ತರಿ ತಂದು ಪೊಟ್ಟಣ ಬಿಚ್ಚಿದರು. ಒಳಗೆ ಹಸಿರು ಬಣ್ಣದ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಪ್ಲಾಸ್ಟಿಕ್ ಕೊಳವೆ. ಪಾರ್ಕಿನಲ್ಲಿ ನನ್ನ ಮಗಳ ಬಾಯಲ್ಲಿದ್ದದ್ದರ ತಮ್ಮನಂತಿತ್ತು.

ಮರಿಯಮ್ ಬಗ್ಗಿ ನೋಡಿ, "ಮಮ್ಮಿ, ದಟ್ಸ್ ಎ ವೇಪ್," ಎಂದಳು. ಇ-ಸಿಗರೇಟಿಗೆ ಇಲ್ಲಿನ ಮಕ್ಕಳು ಹೇಳುವ ಹೆಸರು ಅದು. ಮತ್ತೆ ಅವಳೇ, "ನಮ್ ಸ್ಕೂಲ್ ಬಾತ್‌ರೂಮ್‌ನಲ್ಲಿ... ಲೈಕ್, ಎವ್ರಿ ಡೇ," ಎಂದು ಹೇಳಿ ಒಳಗೆ ಹೋದಳು.

ಕಾಂಟ್ರಾಕ್ಟು ಮುಗಿಯಲು ಇನ್ನು ಹತ್ತೇ ದಿನವಿತ್ತು. ಕಾಯಂ ಮಾಡುವ ಕಾಗದ ತಯಾರಾಗುತ್ತಿದೆ ಎಂದು ಅವರ ಮ್ಯಾನೇಜರು ಬಾಯಿಬಿಟ್ಟು ಹೇಳಿದ್ದರು. ವಜೀರ್ ಭಾಯಿ ಟೀ ಲೋಟ ಕೆಳಗಿಟ್ಟರು.

"ನೋಡು, ಹತ್ತು ದಿನ ಸುಮ್ನಿರು. ಕಾಗದ ಕೈಗೆ ಬರಲಿ. ಆಮೇಲೆ, ಅಯ್ಯೋ ಈಗ ಕಣ್ಣಿಗೆ ಬಿತ್ತು ಅಂತ ಹೇಳು. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ."

"ನೀನು ದೊಡ್ಡ ಜಡ್ಜು! ಹನ್ನೆರಡು ವರ್ಷ ನಿಂತು ನಿಂತು ಕಾಲು ಹಾಳು ಮಾಡ್ಕೊಂಡೆ. ಮತ್ತೆ ಗ್ರೋಸರಿ ಕೌಂಟರಿಗೇ ಹೋಗ್ತೀಯಾ?"

ಅಕ್ಕ ನನ್ನ ಕಡೆ ನೋಡಿದರು. ನಾನು ಅವರ ಪರ ಮಾತಾಡಬೇಕಿತ್ತು. ಮರಳಿನಲ್ಲಿ ಆ ವಸ್ತು ಸಿಕ್ಕಿದ್ದು ನನ್ನ ಮಗಳಿಗೇ ತಾನೇ. ಆದರೂ ನನ್ನ ಬಾಯಿಂದ ಬಂದದ್ದು, "ಹತ್ತು ದಿನ ಅಲ್ಲೇನ್ರಿ ಅಕ್ಕಾರ, ಏನಾಗತದ..." ಎಂಬ ಮಾತು. ಕೆಲಸ ಹೋದರೆ, ಇನ್ಶೂರೆನ್ಸು ಹೋದರೆ, ಬಾಡಿಗೆ ಏರಿದರೆ ಎಂದು ಅವರ ಮನೆಯ ಚಿಂತೆಯನ್ನೆಲ್ಲ ನಾನು ಆಗಲೇ ಮಾಡಿ ಮುಗಿಸಿದ್ದೆ.

"ಹತ್ತು ದಿನದಲ್ಲಿ ಎಷ್ಟು ಪಾರ್ಸೆಲ್ ಹೋಗುತ್ತೆ ಗೊತ್ತೇನಮ್ಮ?" ಎಂದರು ಅಕ್ಕ. ಕೋಪದಿಂದಲ್ಲ. "ಇವತ್ತು ಲೆಕ್ಕ ತೆಗೆದು ನೋಡಿದೆ. ಹಬ್ಬ ಹತ್ತಿರ ಬಂದ ಹಾಗೆಲ್ಲ ಊದುಬತ್ತಿ ಅಂಗಡಿ ವ್ಯಾಪಾರ ಏರಬೇಕು. ಇವರದ್ದು ಇಳಿದಿದೆ. ಏರಿದ್ದು ಯಾವಾಗ ಹೇಳು? ಕಾಲೇಜು ತೆರೆದ ವಾರ. ಮೂರು ಪಟ್ಟು. ಆ ಬಾಗಿಲು ನಾನು ತೆರೆದಿದ್ದು, ದೀಪಾಲಿ. ನಾನೇ ಮುಚ್ಚಬೇಕು."

ಬುಧವಾರ ಬೆಳಿಗ್ಗೆ ಅವರು ಆ ಹಸಿರು ಕೊಳವೆಯನ್ನು ಕವರಿಗೆ ಹಾಕಿಕೊಂಡು ಓಕ್ಲ್ಯಾಂಡಿನ ಟ್ರೇನು ಹತ್ತಿದರು. ಆ ದಿನ ನಾನು ಮಾಡಿದ ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಆಫೀಸಿನಲ್ಲಿ ನಡೆದದ್ದನ್ನು ಸಂಜೆ ಅವರ ಬಾಯಿಂದಲೇ ಕೇಳಿದೆ. ಮ್ಯಾನೇಜರು ಕೊಳವೆಯನ್ನೂ ಲೆಕ್ಕವನ್ನೂ ನೋಡಿ ಅರ್ಧ ಗಂಟೆಯೊಳಗೆ ಸ್ಯಾಂಡಲ್ ಲೇನಿನ ಹಣದ ದಾರಿ ಮುಚ್ಚಿಸಿದರು. ಅವರು ಒಳ್ಳೆಯ ಮನುಷ್ಯರು. ಅಕ್ಕನನ್ನು ಉಳಿಸಲು ಅವರೇ ಒಂದು ದಾರಿ ಹುಡುಕಿದರು. ಏಪ್ರಿಲ್‌ನಲ್ಲಿ ಆ ಅಂಗಡಿಯಲ್ಲಿ ನಿಜವಾದ ಊದುಬತ್ತಿಯೇ ಇತ್ತು, ಆಮೇಲೆ ಮೋಸ ಮಾಡಿದರು ಎಂದು ಬರೆಯೋಣ, ನಿನ್ನ ತಪ್ಪು ಕಾಣುವುದಿಲ್ಲ ಎಂದರಂತೆ.

"ನೀವೇನಂದ್ರಿ?"

"ಇತ್ತೋ ಇಲ್ವೋ ನನಗೆ ಗೊತ್ತಿಲ್ಲ ಸಾರ್ ಅಂದೆ. ತರಿಸಿ ನೋಡಿದ್ರೆ ತಾನೇ ಗೊತ್ತಾಗೋದು? ನೋಡಿಲ್ಲ ಅಂತಲೇ ಬರೀರಿ ಅಂದೆ."

"ಅಯ್ಯೋ ಅಕ್ಕಾರ!"

"ಅಯ್ಯೋ ಏನು? ಮುಂದೆ ನನ್ನ ಜಾಗಕ್ಕೆ ಬರೋರು ಆ ಫೈಲು ಓದ್ತಾರೆ. ಅಂಗಡಿಯವರು ಜಾಣರು ಅಂತ ಬರೆದ್ರೆ ಅವರು ಏನು ಕಲೀತಾರೆ? ಫೋಟೋ ನೋಡಿ ನಂಬಬಾರದು ಅಂತ ಬರೆದ್ರೆ ತಾನೇ ಉಪಯೋಗ."

ಮ್ಯಾನೇಜರು ಅಕ್ಕ ಹೇಳಿದಂತೆಯೇ ಬರೆದರಂತೆ. ತಪ್ಪು ಮಾಡಿದವರು: ನಸೀಮಾ. ಕೆಳಗಿನ ಸಾಲಿನಲ್ಲಿ, ತಪ್ಪು ಹಿಡಿದವರು: ನಸೀಮಾ.

ನಾನು ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಕನ್ನಡ ಕೂಟದ ಊಟದ ಸಾಲಿನಲ್ಲಿ ಹೇಳಿದ್ದೇನೆ, ಡೇಕೇರಿನ ಬಾಗಿಲಲ್ಲಿ ಗುರುತಿಲ್ಲದ ತಾಯಂದಿರಿಗೂ ಹೇಳಿದ್ದೇನೆ. ಈ ಊರಿನಲ್ಲಿ ಯಾರ ಮಗ ಯಾವ ಕಂಪನಿ, ಯಾರ ಮನೆ ಯಾವ ಗುಡ್ಡದ ಮೇಲೆ ಎಂದು ಜಂಬ ಕೊಚ್ಚುವವರು ಬೇಕಾದಷ್ಟಿದ್ದಾರೆ. ನನ್ನ ಜಂಬ ನಮ್ಮ ಕೆಳಗಿನ ಮಹಡಿಯಲ್ಲಿದೆ.

ಕಾಯಂ ಕಾಗದ ಬರಲಿಲ್ಲ. ಹತ್ತನೆಯ ದಿನ ಬಂದದ್ದು ಕಾಂಟ್ರಾಕ್ಟನ್ನು ಇನ್ನೂ ಮೂರು ತಿಂಗಳು ಮುಂದುವರಿಸುವ ಕಾಗದ. ಜೊತೆಗೆ, ಸುಗಂಧದ ಸಾಮಾನು ಮಾರುತ್ತೇವೆ ಎಂದು ಬರೆದುಕೊಟ್ಟ ಹಳೆಯ ಅಂಗಡಿಗಳನ್ನೆಲ್ಲ ಮತ್ತೆ ಪರೀಕ್ಷಿಸುವ ಕೆಲಸವನ್ನು ಅಕ್ಕನಿಗೇ ಒಪ್ಪಿಸಿದ್ದರು.

ಮರುವಾರ ನಾನು ಹೋದಾಗ ಅವರ ಊಟದ ಮೇಜಿನ ತುಂಬ ರಟ್ಟಿನ ಪೆಟ್ಟಿಗೆಗಳಿದ್ದವು. ಒಂದರಲ್ಲಿ ಧೂಪ, ಒಂದರಲ್ಲಿ ಮೇಣದ ಬತ್ತಿ, ಒಂದರಲ್ಲಿ ಲ್ಯಾವೆಂಡರ್ ಎಣ್ಣೆ. ಅಕ್ಕ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಎಣ್ಣೆಯ ಸೀಸೆ ಮೂಸುತ್ತಿದ್ದರು.

"ನೋಡಮ್ಮ ದೀಪಾಲಿ, ಊಟ ಮಾಡೋಕೆ ಜಾಗ ಇಲ್ಲ," ಎಂದರು ವಜೀರ್ ಭಾಯಿ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. "ಇನ್ನೂ ಮೂರು ತಿಂಗಳು ಕೆಲಸ ಇರುತ್ತೋ ಇಲ್ವೋ ಅಂತ ಹೆದರ್ಕೊಂಡೇ ಇರಬೇಕು."

"ಹೆದರೋಕೆ ನೀವಿದ್ದೀರಿ, ದೀಪಾಲಿ ಇದ್ದಾಳೆ, ಸಾಕು. ನನಗೆ ಶುಕ್ರವಾರದೊಳಗೆ ಇನ್ನೂ ಹನ್ನೊಂದು ಅಂಗಡಿ ಇದೆ," ಎಂದು ಅಕ್ಕ ಕತ್ತರಿಗಾಗಿ ನನ್ನ ಕಡೆ ಕೈ ಚಾಚಿದರು.