ಕಾಕು ಎದ್ದು ನಿಂತ ಸಂಜೆ

ಪುಣೆಯ ಕಾತ್ರಜದಲ್ಲಿ ಹಳೆಯ ಗೋದಾಮಿನ ಬಾಗಿಲು ದಾಟಿದ್ದೇ ತಡ, ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ನೆನಪಾದವರು ಕಾಕು. ಮನೆಯಿಲ್ಲದವರಿಗಾಗಿ ಅಲ್ಲೊಂದು ರಾತ್ರಿ ಆಸರೆ ತೆರೆಯಲಿದ್ದಾರೆ; ಕೈಲಾದ ಕೆಲಸ ಮಾಡೋಣವೆಂದು ಹೋಗಿದ್ದೆ. ಕೊಂಢವಾ ಬಡಾವಣೆಯ ನಮ್ಮ ಓಣಿಯಲ್ಲೂ ಹಿಂದೊಮ್ಮೆ ಮುಚ್ಚಿದ ಶಾಲೆಯೊಂದಕ್ಕೆ ಹೀಗೇ ಸುಣ್ಣ ಬಳಿದಿದ್ದರು...

ಕಾಕು, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ನಮ್ಮ ಮೇಲಿನ ಮನೆಯವರು. ಯಾದಗಿರಿ ಕಡೆಯವರು. ಒಬ್ಬನೇ ಮಗ, ಅವನಿಗೆ ಟೈಲ್ಸ್ ಅಂಗಡಿ. ಕಾಕುವಿನದು ಮಾತು ಕಡಿಮೆ. ಮಳೆ ಜೋರಾದಾಗ ಮಾತ್ರ ಬಾಲ್ಕನಿಗೆ ಬಂದು ರಸ್ತೆ ನೋಡುತ್ತ ನಿಲ್ಲುವರು. ಸೊಸೆ ಕರೆದರೂ ಒಳಗೆ ಹೋಗುತ್ತಿರಲಿಲ್ಲ. ಯಾಕೆಂದು ನಾವ್ಯಾರೂ ಕೇಳಿರಲಿಲ್ಲ.

ಆ ಶಾಲೆಯಲ್ಲಿ ಬೀದಿಯ ಜನ ಬಂದು ಮಲಗುತ್ತಾರೆಂದು ತಿಳಿದಾಗ ಓಣಿಗೆ ಓಣಿಯೇ ತಿರುಗಿಬಿತ್ತು. ಕಳ್ಳತನ ಹೆಚ್ಚುತ್ತದೆ, ಹೆಣ್ಣುಮಕ್ಕಳು ಓಡಾಡುವ ಹಾಗಿಲ್ಲ ಎಂದರು. ವಿರೋಧಕ್ಕೆ ಮುಂದಾಳು ಕಾಕುವಿನ ಮಗನೇ. ಸಭೆಯಲ್ಲಿ ಅವನು ಚೊಕ್ಕ ಮರಾಠಿಯಲ್ಲಿ ಮಾತಾಡಿದ. ಫುಟ್‌ಪಾತಿನವರಿಗೆ ಊರೂ ಇಲ್ಲ, ನಡತೆಯೂ ಇಲ್ಲ ಎಂದ. ಚಪ್ಪಾಳೆ ಬಿತ್ತು.

ಹಿಂದಿನ ಸಾಲಿನಿಂದ ಕಾಕು ಎದ್ದರು. ಎಲ್ಲರಿಗೂ ಕೈಮುಗಿದು ಮರಾಠಿಯಲ್ಲೇ ಶುರು ಮಾಡಿದರು. ಗಂಡ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಕರೆತಂದದ್ದು, ಮೇಲಿನಿಂದ ಬಿದ್ದು ಸತ್ತದ್ದು, ಆ ವಾರವೇ ಅವರ ಶೆಡ್ಡನ್ನು ಬೇರೆ ಕೂಲಿಯವರಿಗೆ ಕೊಟ್ಟದ್ದು... ಅಲ್ಲಿಗೆ ಮರಾಠಿ ಸಾಲದಾಯಿತೇನೋ, ಮಗನ ಕಡೆ ತಿರುಗಿದರು.

"ನೀ ಆಗ ಮೊಲಿ ಕುಡಿಯೋ ಕೂಸಪಾ. ನಿನ್ನ ಉಡ್ಯಾಗ ಹಾಕ್ಕೊಂಡು ಒಂದು ಮಳಿಗಾಲ ಪೂರ್ತಿ ಬೀದ್ಯಾಗ ಮಲಗೀನಿ. ಹೋದಲ್ಲೆಲ್ಲಾ ಎದ್ದು ಹೋಗು ಅಂದ್ರು. ಈಗ ನೀನೂ ಹಂಗ ಅಂತೀಯೇನು?"

ಅವನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ನಿಂತಲ್ಲೇ ಕೂತುಬಿಟ್ಟ. ಕನ್ನಡ ಬಾರದವರೂ ಅರ್ಥ ಕೇಳಲಿಲ್ಲ. ವಿರೋಧ ಅಲ್ಲಿಗೇ ತಣ್ಣಗಾಯಿತು, ಶಾಲೆಯ ಬಾಗಿಲು ತೆರೆಯಿತು.

ಆದರೆ ನಾವು ಕಾಕುವನ್ನು ಕಳೆದುಕೊಂಡೆವು. ಓಣಿಯವರ ಕನಿಕರ ಮಗನಿಗೆ ಮುಳ್ಳಾಯಿತು. ದೀಪಾವಳಿಗೆ ಮುಂಚೆಯೇ ಮನೆ ಮಾರಿ ಶಹರದ ಆಚೆ ತುದಿಗೆ ಹೊರಟ. ಹೊಸ ಜಾಗದಲ್ಲಿ ಯಾರ ಮುಂದೂ ಹಳೆಯದನ್ನು ಆಡಬಾರದೆಂದು ತಾಯಿಯಿಂದ ಮಾತು ತೆಗೆದುಕೊಂಡಿದ್ದನಂತೆ. ಹೊರಡುವಾಗ ಕಾಕು ನನ್ನ ಕೈ ಹಿಡಿದುಕೊಂಡು, "ಹೇಳಿದ್ದಕ್ಕ ನನಗೇನು ಕೆಟ್ಟ ಅನಿಸಿಲ್ಲ ತಂಗಿ. ಅಂವ ನೊಂದ್ಕೊಂಡ ನೋಡು, ಅದಕ್ಕ ಸಂಕಟ ಆಗತದ" ಅಂದರು.

ಮತ್ತೆ ಅವರನ್ನು ನೋಡಲಿಲ್ಲ. ತೀರಿಕೊಂಡ ಸುದ್ದಿ ಮಾರ್ಕೆಟ್ ಯಾರ್ಡಿನಲ್ಲಿ ಯಾರೋ ಹೇಳಿದರು, ಅದೂ ಎಷ್ಟೋ ತಿಂಗಳು ತಡವಾಗಿ...

ನಿನ್ನೆ ಕಾತ್ರಜದ ಜನ ಸಭೆ ಕರೆದಿದ್ದರು. ಅದೇ ಭಯ, ಅವೇ ಮಾತು. ನಾನು ಎದ್ದು ನಿಂತೆ. ನಮ್ಮ ಮನೆಗಳನ್ನು ಕಟ್ಟಿದವರಿಗೆ, ನಮ್ಮ ಮೂಟೆ ಹೊತ್ತವರಿಗೆ ಮೈಚಾಚಲು ಇಷ್ಟು ಜಾಗ ಬೇಡವೇ ಎಂದೆ. ಜನ ಕೇಳಿಸಿಕೊಂಡರು, ಕರಗಲಿಲ್ಲ. ಒಂದು ರಾತ್ರಿಯೂ ಬೀದಿಯಲ್ಲಿ ಮಲಗದವಳ ಮಾತು ಅದು. ಮುಂದಿನ ವಾರ ಮತ್ತೆ ಸಭೆ ಇದೆ, ಹೋಗುತ್ತೇನೆ, ಮಾತಾಡುತ್ತೇನೆ. ಕಾಕು ಇದ್ದಿದ್ದರೆ, ನಾನು ಸುಮ್ಮನೆ ಕೂತು ಕೇಳಬಹುದಿತ್ತು.